ಬೆಂಗಳೂರಿನಿಂದ ಮಂಗಳೂರಿಗೆ: ವಿಮಾನವೋ, ರಾತ್ರಿ ಬಸ್ಸೋ, ಹಗಲು ರೈಲೋ?

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 305 ಕಿಲೋಮೀಟರ್. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ರನ್‌ವೇ ತನಕ ಉರುಳುವ ಹೊತ್ತೂ ಅದರಲ್ಲೇ ಸೇರಿದೆ. ಏರ್‌ಬಸ್ ಜೆಟ್ ಆದರೆ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ ಅಷ್ಟೇ. ರೆಕ್ಕೆಯಲ್ಲಿ ಫ್ಯಾನು ತಿರುಗುವ ಸಣ್ಣ ಎಟಿಆರ್ ವಿಮಾನ ಸ್ವಲ್ಪ ನಿಧಾನ, ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ.

ಆದರೆ ನನ್ನ ಮನೆ ಜಯನಗರದಲ್ಲಿ, ಅಮ್ಮನ ಮನೆ ಕದ್ರಿಯಲ್ಲಿ. ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ ನೋಡಿದ್ದೇನೆ. ದೇವನಹಳ್ಳಿ ಮುಟ್ಟಲು ಒಂದೂವರೆ ಗಂಟೆ, ಚೆಕ್-ಇನ್, ತಪಾಸಣೆ ಅಂತ ಇನ್ನೊಂದೂವರೆ. ಇಳಿದ ಮೇಲೆ ಬ್ಯಾಗಿಗೆ ಕಾದು, ಟ್ಯಾಕ್ಸಿ ಹಿಡಿದು, ಬಜಪೆಯ ಗುಡ್ಡ ಇಳಿದು ಮನೆ ಸೇರಲು ಮತ್ತೊಂದು ಗಂಟೆ. ಒಟ್ಟು ಐದು ಗಂಟೆ! ಬೆಳಗ್ಗೆ ಆರಕ್ಕೆ ಹೊರಟರೆ ಅರ್ಧ ದಿನ ಹೋಯಿತು ಅಲ್ವಾ?

ರಾತ್ರಿ ಸ್ಲೀಪರ್ ಬಸ್ಸಿಗೆ ಎಂಟೂವರೆ ಗಂಟೆ ಬೇಕು. ಹತ್ತೂವರೆಗೆ ಮೆಜೆಸ್ಟಿಕ್ ಬಿಟ್ಟರೆ ಬೆಳಗಿನ ಕಾಫಿಗೆ ಅಮ್ಮನ ಮುಂದೆ ಕೂತಿರುತ್ತೇನೆ. ಹಗಲಿನ ಒಂದು ಗಂಟೆಯೂ ಹಾಳಾಗುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಾತ್ರ ಎಚ್ಚರವಾಗುತ್ತದೆ. ಪ್ರತಿ ತಿರುವಿಗೂ ಮೈ ಗಾಜಿನ ಕಡೆಗೊಮ್ಮೆ, ಕಂಬಿಯ ಕಡೆಗೊಮ್ಮೆ ಹೊರಳುತ್ತದೆ. ಒಂದು ಜುಲೈಯಲ್ಲಿ ಅಲ್ಲಿ ಗುಡ್ಡ ಜರಿದು, ನಮ್ಮ ಬಸ್ಸು ಸಕಲೇಶಪುರದಿಂದ ಚಾರ್ಮಾಡಿ ಸುತ್ತಿಕೊಂಡು ಹೋಯಿತು. ಮನೆ ಸೇರುವಾಗ ಊಟದ ಹೊತ್ತು. ಆದರೂ ಒಬ್ಬನೇ ಹೋಗುವಾಗ ನನ್ನ ಆಯ್ಕೆ ಬಸ್ಸೇ.

ಹಗಲು ರೈಲು ಎಲ್ಲಕ್ಕಿಂತ ನಿಧಾನ, ಹತ್ತು ಗಂಟೆ ಹತ್ತಿರ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿಗೇ ಎರಡೂವರೆ ಗಂಟೆ ಬೇಕು. ಇಳಿಜಾರು ಅಷ್ಟು ಕಡಿದು, ಸುರಂಗಗಳೇ 57. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ. ಸುರಂಗದ ಕತ್ತಲು ಮುಗಿದದ್ದೇ ತಡ, ಕಿಟಕಿ ತುಂಬ ಹಸಿರು, ಕೈಗೆಟಕುವಷ್ಟು ಹತ್ತಿರ ನೀರು ಧುಮುಕುವ ಬಂಡೆ. ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಗಡಿಬಿಡಿ ಇರುವವರಿಗೆ ಬೇಡ.

ಹಾಗಂತ ವಿಮಾನ ಸುಮ್ನೆ ದುಡ್ಡು ದಂಡ ಅನ್ನಲಾರೆ. ಅಮ್ಮನಿಗೆ ಮೊಣಕಾಲು ನೋವು. ಬಸ್ಸಿನ ಮೇಲಿನ ಬರ್ತು ಹತ್ತಲಾರರು, ರೈಲಿನಲ್ಲಿ ಅಷ್ಟು ಹೊತ್ತು ಕೂರಲಾರರು. ವಿಮಾನದಲ್ಲಿ ವೀಲ್‌ಚೇರ್ ಸಿಗುತ್ತದೆ, ಒಂದು ಗಂಟೆ ಕೂತರೆ ಸಾಕು. ಅದೂ ಅಲ್ಲದೆ ಬಜಪೆಯಲ್ಲಿ ಇಳಿಯುವುದೇ ಒಂದು ಅನುಭವ. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ ಅದು, ಸುತ್ತ ಕಣಿವೆ. ಚಕ್ರ ನೆಲಕ್ಕೆ ತಾಗುವವರೆಗೂ ಕೆಳಗೆ ತೆಂಗಿನ ತಲೆಗಳೇ ಕಾಣುತ್ತವೆ. ಬಾಗಿಲು ತೆರೆದ ಕೂಡಲೇ ಕನ್ನಡಕದ ಮೇಲೆ ಮಂಜು ಕೂರುತ್ತದೆ. ಒರೆಸಿಕೊಳ್ಳುವಾಗಲೇ ಊರಿಗೆ ಬಂದೆ ಅನ್ನಿಸುತ್ತದೆ.

ಮುಂದಿನ ವಾರ ಅಮ್ಮನನ್ನು ಕರೆತರಲು ಹೋಗುತ್ತಿದ್ದೇನೆ. ಹೋಗುವಾಗ ಬಸ್ಸು. ಬರುವಾಗ ಇಬ್ಬರಿಗೂ ವಿಮಾನ, ಅಮ್ಮನಿಗೆ ಕಿಟಕಿ ಸೀಟು.