ಮೆಲಟೋನಿನ್ 3 ಎಂಜಿ: 14 ತಿಂಗಳು ತಗೊಂಡ ಮೇಲೆ ನನ್ನ ಮಾತು

ಜಮಖಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಬಾಯ್ಲರ್ ಕೆಲಸ ಮಾಡುತ್ತೇನೆ. ವಯಸ್ಸು 51. ಕಬ್ಬಿನ ಹಂಗಾಮು ಶುರುವಾಯಿತೆಂದರೆ ವಾರಕ್ಕೊಂದು ಪಾಳಿ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದರೆ ಮೈಯೆಲ್ಲ ನುಗ್ಗಾಗಿರುತ್ತದೆ, ಆದರೂ ಕಣ್ಣು ಹತ್ತುವುದಿಲ್ಲ. 2024ರ ನವೆಂಬರ್‌ನಲ್ಲಿ ಜೊತೆಗಾರರೊಬ್ಬರು ಹೇಳಿದರು ಅಂತ ಮೆಡಿಕಲ್ ಅಂಗಡಿಯಿಂದ ಮೆಲಟೋನಿನ್ ತಂದೆ.

ನಿದ್ದೆ ಒಂದೇ ಕಾರಣ ಅಲ್ಲ. ಅಪ್ಪ 58ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿ ಹೋದರು. ನನಗೂ ಮೂರು ವರ್ಷದಿಂದ ಬಿಪಿ ಇದೆ, ನಿಫೆಡಿಪಿನ್ ಗುಳಿಗೆ ತಗೊಳ್ತಿದ್ದೆ. ಮೆಲಟೋನಿನ್ ಹೃದಯಕ್ಕೂ ಒಳ್ಳೇದು ಅಂತ ಓದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಕತ್ತಲಾದ ಮೇಲೆ ನಮ್ಮ ಮೆದುಳಿನ ಪೀನಿಯಲ್ ಗ್ರಂಥಿಯೇ ಈ ಹಾರ್ಮೋನ್ ಬಿಡುತ್ತದೆ. ಸಾಮಾನ್ಯವಾಗಿ ರಾತ್ರಿ ನಿದ್ದೆಯಲ್ಲಿ ಬಿಪಿ ಶೇ 10ರಿಂದ 20ರಷ್ಟು ಇಳಿಯಬೇಕು. ಹಾಗೆ ಇಳಿಯದವರಿಗೆ ಹೃದಯದ ತೊಂದರೆ ಜಾಸ್ತಿ. 2004ರ ಒಂದು ಅಧ್ಯಯನದಲ್ಲಿ 16 ಗಂಡಸರಿಗೆ ಮೂರು ವಾರ ದಿನಾ ರಾತ್ರಿ 2.5 ಎಂಜಿ ಕೊಟ್ಟರು. ಮಲಗಿದ್ದಾಗಿನ ಮೇಲಿನ ಬಿಪಿ 6, ಕೆಳಗಿನದು 4 ಇಳಿಯಿತು. ಅವರು ಯಾರೂ ಬಿಪಿ ಗುಳಿಗೆ ತಗೊಳ್ಳುತ್ತಿರಲಿಲ್ಲ. ಈ ಸಾಲನ್ನು ನಾನು ಓದಿದ್ದೆ, ಆದರೆ ಲಕ್ಷ್ಯ ಕೊಡಲಿಲ್ಲ.

ಮೊದಲು ನಿದ್ದೆಯ ವಿಷಯ. ಕೆಲಸ ಮಾಡಿತು. ಮುಂಚೆ ಒಂದೂವರೆ ತಾಸು ಹೊರಳಾಡುತ್ತಿದ್ದವನು ಅರ್ಧ ತಾಸಿನಲ್ಲಿ ಮಲಗತೊಡಗಿದೆ. ಎದ್ದಾಗ ತಲೆಭಾರ ಇರಲಿಲ್ಲ. ಆದರೆ ಬಿಸಿಲು ಒಳಗೆ ಬಂದ ದಿನ ಗುಳಿಗೆಯೂ ಸೋಲುತ್ತಿತ್ತು. ಮನೆಯಾಕೆ ಅವ್ವ ಹೊಲಿದ ಹಳೇ ಕೌದಿಯನ್ನು ಎರಡು ಮಡಿಕೆ ಮಾಡಿ ಕಿಟಕಿಗೆ ಮೊಳೆ ಹೊಡೆದು ಕಟ್ಟಿದಳು. ಅದರ ಹೊಲಿಗೆಯ ಸಂದಿನಲ್ಲಿ ಸೂಜಿಮೊನೆಯಷ್ಟು ಬೆಳಕು, ಅಷ್ಟೇ. ಅವತ್ತು ಆರು ತಾಸು ಮಲಗಿದೆ.

ಇನ್ನು ಬಿಪಿ. ಮನೆಯಲ್ಲಿ ಮಷೀನ್ ಇದೆ. ಎದ್ದು ಐದು ನಿಮಿಷ ಸುಮ್ನೆ ಕೂತು ನೋಡಿ, ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲಿ ಬರೆಯುವುದು ನನ್ನ ರೂಢಿ. ಮೇಲಿನದು ಮುಂಚೆ 126ರಿಂದ 130ರ ಒಳಗೆ ಇರುತ್ತಿತ್ತು. ಮೆಲಟೋನಿನ್ ಶುರುವಾಗಿ ಎರಡು ತಿಂಗಳಿಗೆ 134, 136, 138. ಕೆಲಸದ ಒತ್ತಡ ಅಂದುಕೊಂಡೆ. ಹಂಗಾಮು ಮುಗಿದ ಮೇಲೂ ಇಳಿಯಲಿಲ್ಲ. ಅಲ್ಲೇ ಎಚ್ಚರ ಆಗಬೇಕಿತ್ತು, ಆಗಲಿಲ್ಲ.

2025ರ ನವೆಂಬರ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಭೆಯಲ್ಲಿ ಮಂಡಿಸಿದ ಒಂದು ವರದಿಯ ಸುದ್ದಿ ಬಂತು. ನಿದ್ದೆಯ ತೊಂದರೆ ಇರುವ ಸುಮಾರು 1.3 ಲಕ್ಷ ಜನರ ದಾಖಲೆ ನೋಡಿದ್ದರು. ವರ್ಷಕ್ಕಿಂತ ಜಾಸ್ತಿ ಮೆಲಟೋನಿನ್ ತಗೊಂಡವರಲ್ಲಿ ಐದು ವರ್ಷದೊಳಗೆ ಶೇ 4.6 ಜನರಿಗೆ ಹೃದಯ ವೈಫಲ್ಯ, ತಗೊಳ್ಳದವರಲ್ಲಿ ಶೇ 2.7. ಎದೆ ಧಸಕ್ಕೆಂದಿತು. ಕ್ಯಾಲೆಂಡರ್ ಸುತ್ತಿಕೊಂಡು ನೇರ ಡಾಕ್ಟರ್ ಹತ್ತಿರ ಹೋದೆ.

"ಇದನ್ನ ಯಾರು ಕೊಟ್ರು ನಿಮಗ? ನನಗ ಒಂದ್ ಮಾತು ಹೇಳಬೇಕಿತ್ತಲ್ರೀ" ಅಂದರು. ಆಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಆ ವರದಿಯಿಂದ ಗುಳಿಗೆಯೇ ಕಾರಣ ಅಂತ ಸಾಬೀತಾಗುವುದಿಲ್ಲ. ನಿದ್ದೆ ಬಾರದವರ ಹೃದಯ ಮೊದಲೇ ಸೋತಿರಬಹುದು. ನನ್ನ ವಿಷಯದಲ್ಲಿ ಅವರಿಗೆ ಚಿಂತೆ ಬಂದದ್ದು ನಿಫೆಡಿಪಿನ್ ಬಗ್ಗೆ. ನಿಫೆಡಿಪಿನ್ ತಗೊಳ್ಳುವ 47 ಜನರಿಗೆ 5 ಎಂಜಿ ಮೆಲಟೋನಿನ್ ಕೊಟ್ಟು ನೋಡಿದ ಇಟಲಿಯ ಅಧ್ಯಯನ 2000ದಲ್ಲೇ ಬಂದಿದೆ. ಅದರಲ್ಲಿ ಮೇಲಿನ ಬಿಪಿ ಇಳಿಯುವುದಿರಲಿ, ಸುಮಾರು 6.5 ಏರಿತ್ತು. ನನ್ನ ಕ್ಯಾಲೆಂಡರ್‌ನಲ್ಲಿದ್ದ ಏರಿಕೆಯೂ ಹೆಚ್ಚುಕಡಿಮೆ ಅಷ್ಟೇ!

ಡಾಕ್ಟರ್ ಹೇಳಿದಂತೆ ಜನವರಿಯ ಹೊತ್ತಿಗೆ ಪೂರ್ತಿ ಬಿಟ್ಟೆ. ಮೂರು ವಾರಕ್ಕೆ ಬಿಪಿ ಮತ್ತೆ 128ಕ್ಕೆ ಬಂತು. ನಿದ್ದೆ ಸ್ವಲ್ಪ ಕೆಟ್ಟಿದೆ, ಕೌದಿ ಕೈಬಿಟ್ಟಿಲ್ಲ.

ನಿದ್ದೆಗಾದರೆ ಇದಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಹೃದಯಕ್ಕೆ ಅಂತ ತಗೊಳ್ಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಬಿಪಿ ಗುಳಿಗೆ ನಡೆಯುತ್ತಿದ್ದರಂತೂ ಡಾಕ್ಟರಿಗೆ ತೋರಿಸದೆ ಮುಟ್ಟಬೇಡಿ. ನನಗೆ ಹೇಳಿದ ಆ ಜೊತೆಗಾರರಿಗೂ ಬಿಪಿ ಇದೆ. ನಿನ್ನೆ ಪಾಳಿ ಬದಲಾಗುವಾಗ ಅವರ ಎರಡೂ ಸ್ಟ್ರಿಪ್‌ಗಳ ಫೋಟೋ ತಗೊಂಡು ಬಂದಿದ್ದೇನೆ. ಸೋಮವಾರ ಅವರನ್ನೂ ಕರೆದುಕೊಂಡು ದವಾಖಾನೆಗೆ ಹೋಗುತ್ತೇನೆ.