ಮ್ಹಾಡಾ ಲಾಟರಿ: ಚೀಟಿ ಎತ್ತುವ ಮೊದಲೇ ಸೋಲುವುದೆಲ್ಲಿ?

ಮುಂಬಯಿಯಲ್ಲಿ ಖೋಲಿ ಹುಡುಕುತ್ತ ಹೋದರೆ ದಲಾಲ ಬಜೆಟ್ಟಿಗೂ ಮೊದಲು ಜಾತಿ ತಿಳಿಯಲು ಅಡ್ಡಹೆಸರು (ಸರ್‌ನೇಮ್) ಕೇಳುತ್ತಾನೆ, ಆಮೇಲೆ ‘ವೆಜ್ಜಾ, ನಾನ್‌ವೆಜ್ಜಾ?’ ಅಮೆರಿಕದಲ್ಲಿ ಬಣ್ಣ ನೋಡಿ ಮನೆ ನಿರಾಕರಿಸುವುದಕ್ಕೆ 1968ರಲ್ಲೇ ಕಾನೂನಿನ ತಡೆ ಬಿತ್ತು. ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ, ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂಬ ಅಹಮದಾಬಾದಿನ ಸೊಸೈಟಿಯೊಂದರ ಉಪವಿಧಿಯನ್ನು ಎತ್ತಿಹಿಡಿಯಿತು. ಇಂಥದ್ದರಲ್ಲಿ, ಲಾಟರಿ ಎತ್ತಿ ಮನೆ ಮಾರುವ ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾದ ಕಂಪ್ಯೂಟರ್ ಯಾರ ಅಡುಗೆಮನೆಯನ್ನೂ ಇಣುಕುವುದಿಲ್ಲ. ಆ ಮಟ್ಟಿಗೆ ಪೂರ್ತಿ ಅಂಕ.

ತೊಡಕಿರುವುದು ಕಾಗದಪತ್ರದಲ್ಲಿ. 2023ರಿಂದ ದಾಖಲೆ ಪರಿಶೀಲನೆ ಮೊದಲು, ಡ್ರಾ ಆಮೇಲೆ. ಡೊಮಿಸೈಲ್ ಪತ್ರ (ಮಹಾರಾಷ್ಟ್ರದ ನಿವಾಸಿ ಎಂಬ ಸರ್ಕಾರಿ ಪತ್ರ) 2018ರ ಜನವರಿ 1ರ ನಂತರದ್ದಾಗಿರಬೇಕು, ಬಾರ್‌ಕೋಡ್ ಇರಬೇಕು. ಅದಕ್ಕೆ ಬೇಕು 15 ವರ್ಷದ ವಾಸದ ಪುರಾವೆ. ಕರ್ನಾಟಕದಿಂದ ಬಂದು ಹೋಟೆಲಿನ ಅಟ್ಟದಲ್ಲೇ ಮಲಗೆದ್ದವನಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ರೇಷನ್ ಕಾರ್ಡು, ಆಧಾರ್ ಎರಡೂ ಊರಿನವು. ಇಲ್ಲಿನ ಕನ್ನಡ ಶಾಲೆಯದೋ ರಾತ್ರಿಶಾಲೆಯದೋ ದಾಖಲೆಯಿದ್ದರೆ ಅದು ಚಿನ್ನ. ಪೆಟ್ಟಿಗೆ ತಳದಿಂದ ತೆಗೆದಿಡಿ. ಆಧಾರ್‌ನಲ್ಲಿ ‘ಬಸಪ್ಪ ಯಲ್ಲಪ್ಪ ಮಾದರ’, ಪ್ಯಾನ್‌ನಲ್ಲಿ ‘ಬಿ. ವೈ. ಮಾದರ’ ಎಂದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಸಂಬಳ ಕೈಗೆ ನಗದಾಗಿ ಬರುವವರು ತಹಶೀಲ್ದಾರರ ಆದಾಯ ಪತ್ರ ತರಬೇಕು. ಗಂಡ ಹೆಂಡತಿ ಇಬ್ಬರ ಆದಾಯವೂ ಲೆಕ್ಕಕ್ಕೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಮೀಸಲಾತಿಯಲ್ಲಿ. ಪರಿಶಿಷ್ಟ ಜಾತಿಗೆ ಶೇ. 11, ಪಂಗಡಕ್ಕೆ ಶೇ. 6 ಮನೆಗಳಿವೆ. ಆದರೆ ಕರ್ನಾಟಕದ ಜಾತಿ ಪತ್ರ ಇಲ್ಲಿ ನಡೆಯದು. ವಲಸೆ ಹೋದವರಿಗೆ ಹೊಸ ರಾಜ್ಯದಲ್ಲಿ ಮೀಸಲಾತಿಯಿಲ್ಲ ಎಂದು ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 1990ರಲ್ಲಿ ಹೇಳಿತು. ಆ ಪ್ರಕರಣ ಹುಟ್ಟಿದ್ದೂ ಮುಂಬಯಿಯ ವೈದ್ಯಕೀಯ ಕಾಲೇಜಿನಲ್ಲೇ. ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕಿಂತ ಮೊದಲೇ ಹಿರಿಯರು ಮಹಾರಾಷ್ಟ್ರದಲ್ಲಿದ್ದರೆಂದು ತೋರಿಸಬೇಕು. ಅಜ್ಜ 1955ರಲ್ಲಿ ಕಲಬುರಗಿಯಿಂದ ಬಂದಿದ್ದರೆ, ಮೊಮ್ಮಗ ಧಾರಾವಿಯಲ್ಲೇ ಹುಟ್ಟಿದ್ದರೂ ಸಾಮಾನ್ಯ ವರ್ಗದ ಸಾಲಿನಲ್ಲೇ ನಿಲ್ಲಬೇಕು. ದಲಾಲನ ಕಣ್ಣಿಗೆ ದಲಿತ, ಕಚೇರಿಯ ಕಡತದಲ್ಲಿ ಅಲ್ಲ.

ಸ್ವಂತ ಮನೆಯ ನಿಯಮವನ್ನೂ ನೋಡಿಕೊಳ್ಳಿ. ಸಾಮಾನ್ಯ ಯೋಜನೆಗೆ ಮುಂಬಯಿ ಪಾಲಿಕೆ ವ್ಯಾಪ್ತಿಯಲ್ಲಿ ಮನೆ ಇರಬಾರದು, ಅಷ್ಟೇ. ಪ್ರಧಾನಮಂತ್ರಿ ಆವಾಸ್ ಮನೆಗಾದರೆ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಊರಿನ ಆರ್‌ಸಿಸಿ ಮನೆ ಹೆಂಡತಿ ಹೆಸರಿನಲ್ಲಿದ್ದರೂ ಅರ್ಜಿ ತಿರಸ್ಕಾರ.

ಇನ್ನು ದುಡ್ಡು. ಅತಿ ಕಡಿಮೆ ಆದಾಯದ ಗುಂಪಿನ ಮಿತಿ ವರ್ಷಕ್ಕೆ 6 ಲಕ್ಷ. ಈ ವರ್ಗಕ್ಕೆ ಠೇವಣಿ 25,000, ಅರ್ಜಿ ಶುಲ್ಕ ಜಿಎಸ್‌ಟಿ ಸೇರಿ 590 (2023ರ ದರ). ಗೆಲ್ಲದಿದ್ದರೆ ಠೇವಣಿ ನಿಮ್ಮ ಖಾತೆಗೆ ವಾಪಸು, ಶುಲ್ಕ ಹೋಯಿತು. 25 ಲಕ್ಷ ಸಾಲಕ್ಕೆ ಶೇ. 8.5 ಬಡ್ಡಿ, 20 ವರ್ಷ ಹಿಡಿದರೆ ಕಂತು ತಿಂಗಳಿಗೆ ಸುಮಾರು 21,700. ತಿಂಗಳಿಗೆ 50,000 ದುಡಿಯುವವನೂ 18,000ದ ನಾಕಾ ಕೂಲಿಯೂ (ರಸ್ತೆ ಕೂಡಿನಲ್ಲಿ ನಿಂತು ದಿನಗೂಲಿ ಹುಡುಕುವವನು) ಒಂದೇ ಗುಂಪು; ಬ್ಯಾಂಕು ಬಾಗಿಲು ತೆರೆಯುವುದು ಮೊದಲಿನವನಿಗೆ.

ಮ್ಹಾಡಾ ಯಾವ ಏಜೆಂಟನನ್ನೂ ನೇಮಿಸಿಲ್ಲ. ‘ಸೆಟಿಂಗ್’ ಮಾಡಿಸುತ್ತೇನೆಂದವನಿಗೆ ಕೊಟ್ಟ ದುಡ್ಡಿಗೆ ರಸೀದಿಯೂ ಇರದು. ಲಾಟರಿಯ ಜಾಹೀರಾತಿಗೆ ಕಾಯಬೇಡಿ, ಡೊಮಿಸೈಲ್ ಅರ್ಜಿ ಈಗಲೇ ಹಾಕಿ.