ಬಾಸ್ ಮೀನಿನ ಕಿಟ್ ಕೊಡಗಿನ ಕೆರೆಗೆ ಒಗ್ಗುತ್ತದೆಯೇ?

ಪೆಟ್ಟಿಗೆಯ ಮೇಲೆ ಬಾಯಿ ಅಗಲಿಸಿಕೊಂಡು ನೀರಿನಿಂದ ಹಾರುತ್ತಿರುವ ಲಾರ್ಜ್‌ಮೌತ್ ಬಾಸ್ ಚಿತ್ರ. ಒಳಗೆ ಐದು ವಸ್ತು: ಮಡಚುವ ಹಿಡಿಕೆಯ ರಬ್ಬರ್ ಬಲೆ, ಉದ್ದ ಮೂತಿಯ ಇಕ್ಕಳ, ತೂಕದ ಸ್ಪ್ರಿಂಗ್ ಕೂಡಿಸಿದ ತುಟಿ ಹಿಡಿಕೆ (ಮೀನಿನ ತುಟಿಗೆ ಸಿಕ್ಕಿಸಿ ಹಿಡಿಯುವ ಸಾಧನ), ಹಿಮ್ಮುಳ್ಳಿಲ್ಲದ (ಮೊನೆಯ ಬಳಿ ಹಿಂದಕ್ಕೆ ಚಾಚಿದ ಮುಳ್ಳಿಲ್ಲದ) ಒಂಟಿ ಗಾಳಗಳ ಪೊಟ್ಟಣ, ಒಂದು ಅಳತೆ ಪಟ್ಟಿ. ಇದೇ ಸರಕು ಆನ್‌ಲೈನ್‌ನಲ್ಲಿ ನಾಲ್ಕಾರು ಹೆಸರಿನಲ್ಲಿ ಬಿಕರಿಯಾಗುವುದರಿಂದ ಯಾವ ಬ್ರ್ಯಾಂಡ್ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಂಗಾಮಿಲ್ಲದ ಹೊತ್ತಿನಲ್ಲಿ ತಪ್ಪಿ ಗಾಳಕ್ಕೆ ಬಿದ್ದ ಮೀನನ್ನು ಜೀವಸಹಿತ ವಾಪಸು ಬಿಡುವುದಕ್ಕೆಂದು ಮಾಡಿದ ಕಿಟ್ ಇದು. ಮೊದಲೇ ಹೇಳಿಬಿಡುತ್ತೇವೆ: ಬಲೆ ಮತ್ತು ಇಕ್ಕಳ ದುಡ್ಡಿಗೆ ಮೋಸವಿಲ್ಲ, ಗಾಳಗಳು ಪರವಾಗಿಲ್ಲ, ತುಟಿ ಹಿಡಿಕೆ ಕೊಡಗಿನ ಯಾವ ಮೀನಿಗೂ ಬೇಡ. ಜೊತೆಗಿರುವ ಸೂಚನಾ ಚೀಟಿಯನ್ನು ಇದ್ದ ಹಾಗೇ ಪಾಲಿಸಿದರೆ ನಮ್ಮ ಮೀನಿಗೆ ತೊಂದರೆಯೇ ಹೆಚ್ಚು.

ಏಕೆಂದರೆ ಚೀಟಿ ಬರೆದವರ ಕಣ್ಣ ಮುಂದೆ ಇದ್ದದ್ದು ಅಮೆರಿಕದ ಬಾಸ್. ಅಲ್ಲಿ ನೀರು ಸುಮಾರು 15ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಗಂಡು ಬಾಸ್ ತಳದ ಕೆಸರನ್ನು ಬಾಲದಿಂದ ಗುಡಿಸಿ ಗುಂಡಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆ, ಮರಿ ಎರಡನ್ನೂ ಕಾಯುವುದು ಗಂಡೇ. ಆ ಗಂಡನ್ನು ಗಾಳ ಹಾಕಿ ಮೇಲೆತ್ತಿದರೆ ಸನ್‌ಫಿಶ್‌ಗಳು ನಿಮಿಷಗಳೊಳಗೆ ಗುಂಡಿಗೆ ನುಗ್ಗಿ ಮೊಟ್ಟೆ ತಿನ್ನಲು ಶುರುಮಾಡುತ್ತವೆ. ಅದಕ್ಕೇ ಕೆನಡಾದ ಒಂಟಾರಿಯೊದಂಥ ಕಡೆ ಬಾಸ್ ಹಂಗಾಮು ಬಹುಪಾಲು ಜೂನ್ ಉತ್ತರಾರ್ಧದವರೆಗೆ ತೆರೆಯುವುದಿಲ್ಲ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಅವರು ಗಾಳ ತೆಗೆದುಕೊಂಡು ಹೊರಡುವ ಹೊತ್ತಿಗೆ ಇಲ್ಲಿ ಮುಂಗಾರು ಹಿಡಿದು ಹೊಳೆ ಕೆಂಪಾಗಿರುತ್ತದೆ, ಮೀನುಗಳು ಮೊಟ್ಟೆಗೆ ಬಂದಿರುತ್ತವೆ.

ಕೊಡಗಿನಲ್ಲಿ ಈ ಕಿಟ್ ಬೇಕಾಗುವುದು ಮುಖ್ಯವಾಗಿ ಎರಡು ಮೀನಿಗೆ: ಒಂದು, ತೋಟದ ಕೆರೆ, ಗದ್ದೆ ಬಯಲಿನ ಹಳ್ಳ, ಹಿನ್ನೀರಿನ ಅಂಚಿನ ಕೊರವ, ಅಂದರೆ ಮುರೆಲ್; ಇನ್ನೊಂದು, ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್. ಎರಡರ ಸಂತಾನದ ರೀತಿ ಬೇರೆ, ಬಿಡುವ ರೀತಿಯೂ ಬೇರೆ. ಕಿಟ್ ಇದನ್ನು ಅರಿತಿಲ್ಲ.

ಮೊದಲು ಕೊರವ. ಸ್ವಭಾವದಲ್ಲಿ ಬಾಸ್‌ಗೆ ಹತ್ತಿರವಾದ ಮೀನು ಇದೇ. ದಡದ ಹುಲ್ಲು, ಜೊಂಡಿನ ನಡುವೆ ಆಳವಿಲ್ಲದ ಜಾಗದಲ್ಲಿ ಗೂಡು ಬಿಡಿಸಿಕೊಂಡು ಮೊಟ್ಟೆಯಿಡುತ್ತದೆ. ಮೊಟ್ಟೆ ತೇಲುವಂಥದ್ದು, ಒಂದೆರಡು ದಿನದಲ್ಲಿ ಒಡೆಯುತ್ತದೆ. ಆಮೇಲೆ ಸುಮಾರು ಒಂದು ತಿಂಗಳು ತಂದೆತಾಯಿ ಮರಿಗಳ ಅಡಿಯಲ್ಲೇ ಸುತ್ತುತ್ತಿರುತ್ತವೆ. ಮರಿಗಳಿಗೆ ಮೇಲಿನ ಗಾಳಿ ಬೇಕು, ಹಾಗಾಗಿ ಗುಂಪಾಗಿ ಮೇಲೆ ಬರುತ್ತವೆ: ಮಳೆ ನಿಂತಿದ್ದರೂ ಒಂದು ಮೊರದಗಲ ಜಾಗದಲ್ಲಿ ಮಾತ್ರ ಹನಿ ಬಿದ್ದ ಹಾಗೆ ನೀರು ಕುಣಿಯುತ್ತದೆ, ಹತ್ತಿರದಿಂದ ನೋಡಿದರೆ ಕಿತ್ತಳೆಗೆಂಪು ಬಣ್ಣ. ತುಸು ಹೊತ್ತಿಗೊಮ್ಮೆ ಅದರ ಪಕ್ಕದಲ್ಲೇ ದೊಡ್ಡ ಮೀನು ಗಾಳಿ ಕುಡಿಯಲು ಬಂದು ಗುಳಕ್ ಎನ್ನುತ್ತದೆ.

ಈ ಗುಂಪಿನ ಮೇಲೆ ಗಾಳ ಕೂಡಿಸಿದ ರಬ್ಬರ್ ಕಪ್ಪೆ ಎಸೆದರೆ ಕೊರವ ಹೊಡೆಯುವುದು ಬಹುತೇಕ ಖಚಿತ. ಹಸಿವಿಗೆ ಹೊಡೆಯುವುದಲ್ಲ, ಮರಿಯ ಬಳಿ ಬಂದದ್ದನ್ನು ಓಡಿಸಲು ಹೊಡೆಯುತ್ತದೆ. ಹಾಗೆ ಹಿಡಿದದ್ದನ್ನು ಕೌಶಲ ಅನ್ನುವವರ ಬಗ್ಗೆ ನಮಗೆ ಹೆಚ್ಚು ಹೇಳಲಿಕ್ಕಿಲ್ಲ. ಜಿಲೇಬಿ ಮೀನು, ನೀರುಹಾವು, ನೀರುಕಾಗೆ, ಮಿಂಚುಳ್ಳಿ ಎಲ್ಲವೂ ಕಾಯುವವರಿಲ್ಲದ ಗುಂಪನ್ನು ಹುಡುಕುತ್ತಲೇ ಇರುತ್ತವೆ.

ಕಿಟ್‌ನ ದೊಡ್ಡ ಕೊರತೆ ಇಲ್ಲೇ ಇದೆ. ಅದರ ಚಿಂತೆಯೆಲ್ಲ ಕೈಯಲ್ಲಿರುವ ಮೀನಿನದು. ಕೊರವನಿಗೆ ಗಾಳಿ ಉಸಿರಾಡುವ ಅಂಗವಿರುವುದರಿಂದ ಹುಲ್ಲಿನ ಮೇಲೆ ಹತ್ತು ನಿಮಿಷ ಬಿದ್ದಿದ್ದರೂ ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಕಂಡು ‘ಏನೂ ಆಗಿಲ್ಲ’ ಎಂದು ಫೋಟೊ ತೆಗೆಯುತ್ತ ನಿಲ್ಲುತ್ತಾರೆ. ಆ ಹತ್ತು ನಿಮಿಷ ಮರಿಗಳಿಗೆ ಕಾವಲಿಲ್ಲ. ಆದ್ದರಿಂದ ಕೊರವನ ವಿಷಯದಲ್ಲಿ ಸಲಕರಣೆಯನ್ನು ಅಳೆಯಬೇಕಾದ್ದು ಒಂದೇ ಪ್ರಶ್ನೆಯಿಂದ: ಗಾಳ ಕಚ್ಚಿದ ಕ್ಷಣದಿಂದ ಮೀನು ಅದೇ ಜಾಗಕ್ಕೆ ಮರಳುವವರೆಗಿನ ಸಮಯವನ್ನು ಇದು ಎಷ್ಟು ಕಡಿಮೆ ಮಾಡುತ್ತದೆ?

ಆ ಲೆಕ್ಕದಲ್ಲಿ ರಬ್ಬರ್ ಬಲೆ ಚೆನ್ನಾಗಿ ಪಾಸಾಗುತ್ತದೆ. ಗಂಟು ಹಾಕಿದ ನೈಲಾನ್ ಬಲೆಯಲ್ಲಿ ಗಾಳ ಸಿಕ್ಕಿಕೊಂಡರೆ ಬಿಡಿಸಲು ನಿಮಿಷಗಟ್ಟಲೆ ಹಿಡಿಯುತ್ತದೆ. ಗಂಟುಗಳು ಮೀನಿನ ಲೋಳೆಯನ್ನು ಉಜ್ಜಿ ತೆಗೆಯುತ್ತವೆ, ರೆಕ್ಕೆಯ ಅಂಚು ಸೀಳುತ್ತವೆ. ಲೋಳೆ ಹೋದ ಜಾಗಕ್ಕೆ ಆಮೇಲೆ ಬೂಸರು ಹಿಡಿಯುವುದುಂಟು. ರಬ್ಬರ್ ಕಣ್ಣುಗಳಿಗೆ ಗಾಳ ನಾಟುವುದೇ ಕಡಿಮೆ, ನಾಟಿದರೂ ಎಳೆದರೆ ಬರುತ್ತದೆ.

ಆದರೆ ಬಲೆಯ ಆಕಾರ ಬಾಸ್‌ನದು. ಬಾಸ್ ಗಿಡ್ಡ, ದಪ್ಪ. ಕೊರವ ಉದ್ದ, ದುಂಡು. ಅರ್ಧ ಮೀಟರ್ ಬಾಯಿ, ಒಂದು ಗೇಣಿಗಿಂತ ತುಸು ಹೆಚ್ಚಿನ ಆಳದ ಬಲೆಯಲ್ಲಿ ಎರಡು ಕೆ.ಜಿ. ಕೊರವ ಬಿದ್ದರೆ ಬಾಲ ಹೊರಗೇ ಉಳಿಯುತ್ತದೆ, ಒಂದು ಕೊಡವಿಗೆ ಆಚೆ. ತಲೆ ಮೊದಲು ಒಳಗೆ ಬರುವಂತೆ ಬಲೆಯನ್ನು ನೀರಿನಲ್ಲೇ ಓರೆಯಾಗಿ ಹಿಡಿದು, ಮೀನು ಒಳಹೊಕ್ಕ ಕೂಡಲೇ ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸಿ ಬಾಯಿ ಮುಚ್ಚಬೇಕು. ಕೊಳ್ಳುವಾಗಲೇ ಆಳ ಹೆಚ್ಚಿರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಬಲೆಯ ಹಿಡಿಕೆಯ ಕಥೆ ಬೇರೆ. ತಿರುಗಿಸಿ ಬಿಗಿ ಮಾಡುವ ಉದ್ದ ಹಿಡಿಕೆಯೊಳಗೆ ಹೊಳೆಮರಳಿನ ನಾಲ್ಕು ಕಣ ಸೇರಿದರೆ ಲಾಕ್ ಜಾರುತ್ತದೆ, ಬಿಗಿ ಮಾಡಿದ್ದೇನೆ ಅಂದುಕೊಂಡು ಚಾಚಿದಾಗ ಬಲೆ ಒಳಕ್ಕೆ ಕುಸಿಯುತ್ತದೆ. ಪ್ರತಿ ಸಲ ಬಿಚ್ಚಿ ತೊಳೆದು ಒಣಗಿಸಿ. ಎಣ್ಣೆ ಹಾಕಿದರೆ ಮರಳು ಇನ್ನೂ ಅಂಟಿಕೊಳ್ಳುತ್ತದೆ. ಮಡಚುವ ಕೀಲು ಪ್ಲಾಸ್ಟಿಕ್, ಅದೇ ಇಡೀ ಬಲೆಯ ದುರ್ಬಲ ಜಾಗ. ಮೀನು ಒಳಗಿರುವಾಗ ಹಿಡಿಕೆ ಹಿಡಿದು ಎತ್ತಬೇಡಿ, ಉಂಗುರವನ್ನೇ ಎರಡು ಕೈಯಲ್ಲಿ ಹಿಡಿಯಿರಿ. ಎತ್ತದೆ ನೀರಿನಲ್ಲೇ ಇಟ್ಟು ಗಾಳ ಬಿಡಿಸುವುದು ಇನ್ನೂ ಉತ್ತಮ.

ಇಕ್ಕಳಕ್ಕೆ ಎರಡು ಕೆಲಸ. ಒಂದು, ಬಾಯಿಯಿಂದ ಗಾಳ ತೆಗೆಯುವುದು: ಕೊರವನ ದವಡೆಯಲ್ಲಿ ಹಲ್ಲಿದೆ, ಬೆರಳು ಹಾಕುವ ಜಾಗವಲ್ಲ. ಮತ್ತೊಂದು, ಮನೆಯಲ್ಲೇ ಕುಳಿತು ಹಿಮ್ಮುಳ್ಳು ಮಡಿಸುವುದು. ನಮ್ಮ ಪ್ರಕಾರ ಕಿಟ್‌ನ ಅರ್ಧ ಬೆಲೆ ಈ ಕೆಲಸದಲ್ಲೇ ವಸೂಲು. ಕಪ್ಪೆಯ ಜೋಡಿ ಗಾಳಕ್ಕೆ ಪೊಟ್ಟಣದ ಒಂಟಿ ಗಾಳ ಹೊಂದುವುದಿಲ್ಲ, ಆದ್ದರಿಂದ ಇದ್ದದ್ದನ್ನೇ ತಿದ್ದಬೇಕು. ಗಾಳದ ಮೊನೆಯ ಉದ್ದಕ್ಕೆ ಸಮನಾಗಿ ಇಕ್ಕಳದ ಬಾಯಿ ಇಟ್ಟು ನಿಧಾನ ಒತ್ತಿ. ಅಡ್ಡಲಾಗಿ ಹಿಡಿದು ಒತ್ತಿದರೆ, ಅಥವಾ ಒಮ್ಮೆಲೇ ಬಲ ಹಾಕಿದರೆ, ಗಟ್ಟಿ ಉಕ್ಕಿನ ಗಾಳ ಮೊನೆಯ ಬಳಿಯೇ ಚಟಕ್ಕನೆ ಮುರಿಯುತ್ತದೆ, ಚೂರು ಕಣ್ಣಿಗೆ ಹಾರಬಹುದು, ಕನ್ನಡಕ ಹಾಕಿಕೊಳ್ಳಿ. ಮಡಿಸಿದ ಮೇಲೆ ಹಳೆ ಹತ್ತಿ ಬಟ್ಟೆಗೆ ಚುಚ್ಚಿ ಹಿಂದೆಳೆಯಿರಿ. ನೂಲು ಹಿಡಿಯದೆ ಬಂದರೆ ಸರಿ, ಹಿಡಿದರೆ ಇನ್ನೊಂದು ಒತ್ತು. ಮಡಿಸಿದ ಜಾಗದಲ್ಲಿ ಸಣ್ಣ ಉಬ್ಬು ಉಳಿಯುತ್ತದೆ, ಅಷ್ಟು ಇದ್ದರೆ ಮೀನು ಅಷ್ಟು ಸುಲಭಕ್ಕೆ ಕಳಚುವುದಿಲ್ಲ.

ಹಿಮ್ಮುಳ್ಳಿಲ್ಲದಿದ್ದರೆ ಮೀನು ತಪ್ಪುತ್ತದೆ ಎಂಬ ದೂರು ಸುಳ್ಳಲ್ಲ. ಕೊರವ ಮೇಲೆ ಹಾರಿ ತಲೆ ಕೊಡವಿದಾಗ ತಂಗೂಸಿ (ಗಾಳದ ದಾರ) ಸಡಿಲವಾದರೆ ಗಾಳ ಬಿದ್ದೇ ಬೀಳುತ್ತದೆ. ರಾಡನ್ನು ಒಂದು ಪಕ್ಕಕ್ಕೆ ತಗ್ಗಿಸಿ, ಬಿಗಿ ಬಿಡದೆ ಸುತ್ತಿಕೊಳ್ಳಬೇಕು. ಮರಿ ಕಾಯುವ ಕಾಲದಲ್ಲಿ ತಪ್ಪಿಸಿಕೊಂಡರೆ ಒಳ್ಳೆಯದೇ ಆಯಿತು.

ಇನ್ನು ತುಟಿ ಹಿಡಿಕೆ. ಬಾಸ್‌ನ ಕೆಳತುಟಿ ಹೆಬ್ಬೆರಳಿಟ್ಟು ಹಿಡಿಯುವಂಥದ್ದು, ಅದಕ್ಕೆ ಈ ಸಾಧನ ಹುಟ್ಟಿದೆ. ಕೊರವ ಹಿಡಿಕೆಯಲ್ಲಿ ಸಿಕ್ಕ ಕೂಡಲೇ ಮೈಯನ್ನೇ ಗಿರಕಿ ಹೊಡೆಸುತ್ತದೆ, ತಿರುಚಿದ ಭಾರವೆಲ್ಲ ದವಡೆಯ ಕೀಲಿಗೆ ಬೀಳುತ್ತದೆ. ಮಹಶೀರ್ ತುಟಿ ಮಾಂಸಲ, ಹರಿಯುತ್ತದೆ. ಸ್ಪ್ರಿಂಗ್ ತಕ್ಕಡಿ ಇರುವುದರಿಂದ ಜನ ತೂಗಿ ನೋಡದೆ ಬಿಡುವುದಿಲ್ಲ. ಮೊಟ್ಟೆ ತುಂಬಿದ ಮೀನನ್ನು ನೆಟ್ಟಗೆ ತೂಗುಹಾಕಿದರೆ ಒಳಗಿನ ಭಾರ ಕೆಳಕ್ಕೆ ಜಗ್ಗುತ್ತದೆ. ತೂಕ ಬೇಕೇ ಬೇಕೆಂದರೆ ಒದ್ದೆ ಬಲೆಯ ಸಮೇತ ತೂಗಿ ಬಲೆಯ ತೂಕ ಕಳೆಯಿರಿ. ಮೊಟ್ಟೆಯ ಕಾಲದ ಮೀನಿಗೆ ಅಳತೆ ಪಟ್ಟಿ ಸಾಕು, ಅದೂ ನೀರಿನಲ್ಲೇ.

ಚೀಟಿಯಲ್ಲಿ ‘ಮೀನನ್ನು ಮುಳುಗಿಸಿ ಹಿಂದೆ ಮುಂದೆ ಆಡಿಸಿ’ ಎಂದಿದೆ. ಎರಡು ಮೀನಿಗೂ ತಪ್ಪು. ಹಿಂದಕ್ಕೆ ಎಳೆದಾಗ ನೀರು ಕಿವಿರಿನೊಳಗೆ ಹಿಮ್ಮುಖವಾಗಿ ಹರಿಯುತ್ತದೆ, ಯಾವ ಮೀನಿಗೂ ಅದು ಉಪಕಾರವಲ್ಲ. ಕೊರವನನ್ನಂತೂ ಮುಳುಗಿಸಿ ಹಿಡಿದಿಟ್ಟರೆ ಉಸಿರೇ ಕಟ್ಟುತ್ತದೆ. ಅದಕ್ಕೆ ಮೂತಿ ಮೇಲೆ ಬರುವಷ್ಟು ತೆಳುನೀರು ಬೇಕು. ಬಲೆ ತಗ್ಗಿಸಿ, ಹಿಡಿದ ಜಾಗದಲ್ಲೇ ಬಿಟ್ಟುಬಿಡಿ. ಕೆರೆಯ ಆಚೆ ಬದಿಯಲ್ಲಿ ಬಿಟ್ಟರೆ ಬಿಟ್ಟೂ ಪ್ರಯೋಜನ ಕಡಿಮೆ. ಆ ಮೂಲೆಗೆ ಒಂದು ತಿಂಗಳು ಗಾಳ ಎಸೆಯಬೇಡಿ.

ಮಹಶೀರ್ ಮರಿ ಕಾಯುವುದಿಲ್ಲ. ಮಳೆಗಾಲದಲ್ಲಿ ಹೊಳೆಯೇರಿ ಕಲ್ಲು, ಜಲ್ಲಿ ಇರುವ ಕಡೆ ಮೊಟ್ಟೆಯಿಟ್ಟು ಹೋಗುತ್ತದೆ. ಇಲ್ಲಿ ಉಳಿಸಬೇಕಾದ್ದು ತಾಯಿಯನ್ನೇ. ಕಾವೇರಿ ಕಣಿವೆಗಷ್ಟೇ ಸೇರಿದ ಗೂನುಬೆನ್ನಿನ ಮಹಶೀರ್ ಅನ್ನು 2018ರಲ್ಲಿ ಐಯುಸಿಎನ್ (ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ ಎಂದು ಪಟ್ಟಿ ಮಾಡಿದೆ, ಅಂಥದ್ದರಲ್ಲಿ ಒಂದು ಹೆಣ್ಣು ಹೋದರೂ ನಷ್ಟ ದೊಡ್ಡದು. ಅದು ದಣಿದು ಸಾಯುವ ಮೀನು. ಕೆಳಪ್ರವಾಹದಲ್ಲಿ ಓಡಲು ಬಿಟ್ಟು ತೆಳು ತಂಗೂಸಿಯಲ್ಲಿ ಆಟವಾಡಿಸಿದಷ್ಟೂ ಸ್ನಾಯುವಿನಲ್ಲಿ ಆಮ್ಲ ಕಟ್ಟುತ್ತದೆ. ಬಲವಾದ ತಂಗೂಸಿ, ಬೇಗ ದಡ, ಮೊಣಕಾಲುದ್ದದ ನೀರಿನಲ್ಲಿ ಗಾಳ ಬಿಡಿಸುವುದು. ಆಮೇಲೆ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದೇ ಬಾಲ ಬೀಸಿ ಕೈ ಬಿಡಿಸಿಕೊಳ್ಳುವವರೆಗೆ ಕಾಯುವುದು. ಹೊಟ್ಟೆಯ ಕೆಳಗೆ ಕೈಯೊತ್ತಬೇಡಿ, ಮೊಟ್ಟೆ ಹಿಂಡಿಹೋಗುತ್ತದೆ. ಐದಾರು ಕೆ.ಜಿ. ಮೀರಿದ ಮೀನಿಗೆ ಈ ಬಲೆ ಸಾಲದು, ಬಲವಂತ ಮಾಡಿದರೆ ಉಂಗುರ ಬಾಗುತ್ತದೆ.

ಪೊಟ್ಟಣದ ಒಂಟಿ ಗಾಳಗಳು ಇಲ್ಲಿಯೇ ಉಪಯೋಗ, ಸ್ಪೂನ್‌ನ (ಚಮಚದಾಕಾರದ ಲೋಹದ ಹುಸಿ ಎರೆ) ಮೂರುಮೊನೆ ಗಾಳದ ಬದಲಿಗೆ. ಆದರೆ ತಂತಿ ತೆಳು. ಮಹಶೀರ್ ಗಂಟಲಿನ ಹಲ್ಲಿನಲ್ಲಿ ಜಗಿಯುವ ಮೀನು, ತೆಳು ಗಾಳವನ್ನು ಚಪ್ಪಟೆ ಮಾಡಿಬಿಡುತ್ತದೆ. ಚಿಕ್ಕ ಮೀನಿಗೆ ಆದೀತು, ಕಾವೇರಿಗೆ ದಪ್ಪ ತಂತಿಯದನ್ನು ಬೇರೆ ತನ್ನಿ. ವಾಲ್ನೂರು ಭಾಗದಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪಡೆದು ಗಾಳ ಹಾಕುವವರು ಹಿಡಿದದ್ದನ್ನು ಬಿಡಲೇಬೇಕು. ಕಕ್ಕಡದಲ್ಲಿ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಅತ್ತ ಹೋಗುವ ಅಗತ್ಯವೇ ಇಲ್ಲ; ತುಲಾ ಸಂಕ್ರಮಣದ ಹೊತ್ತಿಗೆ ನೀರು ತಿಳಿಯಾಗುತ್ತದೆ. ಅಭಯಾರಣ್ಯದೊಳಗೆ ಯಾವ ಕಾಲದಲ್ಲೂ ಗಾಳ ಬೇಡ. ಬೇರೆ ಕಡೆ ಮಳೆಗಾಲದ ನಿಷೇಧ ಯಾವ ನೀರಿಗೆ, ಎಂದಿನಿಂದ ಎಂದಿನವರೆಗೆ ಎಂಬುದನ್ನು ಆ ವರ್ಷವೇ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಎರಡು ಸಂಗತಿ ಯಾವ ಚೀಟಿಯಲ್ಲೂ ಇರುವುದಿಲ್ಲ. ಮಳೆಗಾಲದ ತೋಟದಲ್ಲಿ ಜಿಗಣೆಗೆ ಹೊಗೆಸೊಪ್ಪು, ಸುಣ್ಣ, ಉಪ್ಪು ಸವರಿದ ಕೈಯಲ್ಲೇ ಮೀನು ಮುಟ್ಟುತ್ತಾರೆ. ಲೋಳೆಗೂ ಕಿವಿರಿಗೂ ಅದು ಉರಿ. ಮೊದಲು ಕೆರೆಯಿಂದ ದೂರದಲ್ಲಿ ಕೈ ತೊಳೆದು, ಆಮೇಲೆ ಕೆರೆಯ ನೀರಿನಲ್ಲಿ ಒದ್ದೆ ಮಾಡಿಕೊಂಡು ಮುಟ್ಟಿ. ಇನ್ನೊಂದು, ಬಲೆಯನ್ನು ತೋಟದ ಗಿಡಗಳ ಬೂಸರು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟಿನಲ್ಲಿ ಇಟ್ಟುಕೊಂಡು ಬರುವುದು. ನೂರು ಲೀಟರ್‌ಗೆ ಒಂದು ಕೆ.ಜಿ. ಮೈಲುತುತ್ತ ಹಾಕುವ ಸರಕು ಅದು, ತಾಮ್ರ ಕಿವಿರನ್ನೇ ಹಾಳು ಮಾಡುತ್ತದೆ. ಮೀನಿನ ಬಕೆಟ್ ಬೇರೆಯೇ ಇರಲಿ, ಬಣ್ಣವೂ ಬೇರೆ ಇರಲಿ, ಆಳುಗಳಿಗೆ ಗೊಂದಲವಾಗದ ಹಾಗೆ.

ಇಡೀ ಕಿಟ್ ಕೊಳ್ಳುವ ಬದಲು ಬಲೆ ಮತ್ತು ಇಕ್ಕಳವನ್ನು ಬಿಡಿಬಿಡಿಯಾಗಿ ತೆಗೆದುಕೊಂಡರೆ ತುಟಿ ಹಿಡಿಕೆಯ ದುಡ್ಡು ಉಳಿಯುತ್ತದೆ. ರಬ್ಬರ್ ಬಿಸಿಲಿಗೆ ಸೀಳು ಬಿಡುವುದರಿಂದ ಜೀಪಿನ ಹಿಂದೆ ಬಿಟ್ಟುಹೋಗದೆ ನೆರಳಲ್ಲಿ ನೇತುಹಾಕಿ. ಹರಿದರೆ ಬರೀ ಬಲೆಚೀಲ ಬೇರೆಯಾಗಿ ಸಿಗುತ್ತದೆ. ಉಂಗುರದ ಸುತ್ತಳತೆಯನ್ನು ದಾರದಿಂದ ಅಳೆದು ಆರ್ಡರ್ ಮಾಡಿ, ಪೆಟ್ಟಿಗೆಯ ಮೇಲೆ ಬರೆದ ಅಳತೆಯನ್ನು ನಂಬಿಕೊಳ್ಳಬೇಡಿ.